ಪಿಳ್ಳಾರಿ ಗೀತೆಯ ಜಾಲಚಿತ್ರ: ಸ್ವರಗಳ ನಡುವೆ ಬಾಣ ಎಳೆದರೆ ರಾಗ ಕಾಣುತ್ತದೆಯೇ?

ವೀಣಾಭ್ಯಾಸಿ

ಸ್ವರಗಳನ್ನು ಬಿಂದುಗಳಾಗಿಯೂ ಒಂದು ಸ್ವರದಿಂದ ಮುಂದಿನದಕ್ಕೆ ಹೋಗುವ ನಡೆಯನ್ನು ಬಾಣವಾಗಿಯೂ ಬರೆದುಕೊಂಡು, ಅದೇ ನಡೆ ಮರಳಿ ಬಂದಾಗಲೆಲ್ಲ ಆ ಬಾಣವನ್ನು ಇನ್ನಷ್ಟು ದಪ್ಪ ಮಾಡುತ್ತಾ ಹೋದರೆ, ಒಂದು ರಚನೆಯ ಧಾತುವೆಲ್ಲ, ಅಂದರೆ ಅದರ ಸ್ವರಸಾಲೆಲ್ಲ, ಜಾಲಚಿತ್ರವಾಗಿ ಕಣ್ಣಿಗೆ ಕಾಣುತ್ತದೆ. ಇಂತಹ ಗ್ರಾಫನ್ನು ನಮ್ಮ ಸಂಗೀತ ಎಷ್ಟರ ಮಟ್ಟಿಗೆ ಒಪ್ಪಿಕೊಳ್ಳುತ್ತದೆ ಎಂಬುದು ನನ್ನ ಪ್ರಶ್ನೆ. ಎಲ್ಲರಿಗೂ ಬಾಯಿಪಾಠವಿರುವ ಉದಾಹರಣೆಯೇ ಇರಲಿ ಎಂದು ಪುರಂದರದಾಸರ ಪಿಳ್ಳಾರಿ ಗೀತೆಯನ್ನು, ಅಂದರೆ ಮಲಹರಿ ರಾಗ ರೂಪಕ ತಾಳದ ‘ಶ್ರೀ ಗಣನಾಥ’ವನ್ನು ಆರಿಸಿಕೊಂಡಿದ್ದೇನೆ. ಮೊದಲ ನಾಲ್ಕು ಆವರ್ತಗಳು, ಅಂದರೆ ತಾಳದ ಸುತ್ತುಗಳು, ಹೀಗಿವೆ (ಸ ರಿ ಗ ಮ ಪ ದ ಎಂದರೆ ಷಡ್ಜ, ರಿಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ; ಮೊದಲೆರಡು ಆವರ್ತಗಳ ಸ, ರಿ ತಾರಸ್ಥಾಯಿಯವು, ಅಂದರೆ ಮೇಲಿನ ಸಪ್ತಕದವು):

ಮ ಪ | ದ ಸ ಸ ರಿ || ರಿ ಸ | ದ ಪ ಮ ಪ || ರಿ ಮ | ಪ ದ ಮ ಪ || ದ ಪ | ಮ ಗ ರಿ ಸ ||

ಒಟ್ಟು 24 ಸ್ವರಗಳು, ಅವುಗಳ ನಡುವೆ 23 ನಡೆಗಳು. ತಾರಸ್ಥಾಯಿಯ ಸ್ವರಗಳನ್ನು ಬೇರೆಯಾಗಿಯೇ ಇಟ್ಟರೆ 8 ಬಿಂದುಗಳೂ 16 ಬಗೆಯ ಬಾಣಗಳೂ ಆಗುತ್ತವೆ. ಎಲ್ಲಕ್ಕಿಂತ ದಪ್ಪವಾದದ್ದು ಮಧ್ಯಮದಿಂದ ಪಂಚಮಕ್ಕೆ ಹೋಗುವ ಬಾಣ, ಅದು 4 ಸಲ ಬರುತ್ತದೆ. ಪ–ದ 3 ಸಲ. ದ–ಪ ಮತ್ತು ಪ–ಮ ತಲಾ 2 ಸಲ. ಉಳಿದ 12 ಬಾಣಗಳು ಒಂದೊಂದೇ ಸಲ. ತಾರ ಷಡ್ಜ ಮತ್ತು ತಾರ ರಿಷಭಗಳ ಮೇಲೆ, ಒಂದೇ ಸ್ವರವನ್ನು ಎರಡೆರಡು ಸಲ ಹಾಡುವ ಜಂಟಿ ವರಸೆಯಲ್ಲಿ ಆಗುವಂತೆ, ತನಗೆ ತಾನೇ ಸುತ್ತಿಕೊಳ್ಳುವ ಬಾಣಗಳಿವೆ. ನನ್ನ ಗಮನ ಸೆಳೆದದ್ದು ಗಾಂಧಾರ. ಅದಕ್ಕೆ ಒಳಬರುವ ಬಾಣ ಮಧ್ಯಮದಿಂದ ಒಂದೇ ಒಂದು, ಹೊರಹೋಗುವ ಬಾಣವೂ ರಿಷಭಕ್ಕೆ ಒಂದೇ ಒಂದು. ಮಲಹರಿಯ ಆರೋಹಣದಲ್ಲಿ, ಅಂದರೆ ಏರುವ ಸ್ವರಕ್ರಮದಲ್ಲಿ, ಗಾಂಧಾರವಿಲ್ಲ ಎಂಬ ಲಕ್ಷಣವನ್ನು ಯಾರೂ ಹೇಳಿಕೊಡುವ ಮೊದಲೇ ಚಿತ್ರ ತೋರಿಸಿಬಿಡುತ್ತದೆ.

ಈಗ ತಿಳಿದವರು ಹೇಳಬೇಕು. ತಾರ ಷಡ್ಜವನ್ನೂ ಮಧ್ಯ ಷಡ್ಜವನ್ನೂ ಒಂದೇ ಬಿಂದುವಾಗಿ ಸೇರಿಸುವುದು ಸರಿಯೇ? ಇಂತಹ ಚಿತ್ರ ರಾಗವನ್ನು ಹಿಡಿಯುತ್ತದೆಯೇ, ಇಲ್ಲವೇ ಈ ಒಂದು ಗೀತೆಯನ್ನು ಮಾತ್ರವೇ? ತಾಳಕ್ಕೂ ಹೀಗೆಯೇ ಬರೆಯಲು ಸಾಧ್ಯವೇ?

ನ್ಯೂಜೆರ್ಸಿಯ ಸಂಗೀತ ಶಿಕ್ಷಕಿ

ಗಾಂಧಾರದ ವಿಷಯ ಬಹಳ ಚೆನ್ನಾಗಿದೆ. ಇಲ್ಲಿಯ ಮಕ್ಕಳಿಗೆ ನಾನು ಜೂಮ್‌ನಲ್ಲಿ ಪಾಠ ಹೇಳುತ್ತೇನೆ. ಮಲಹರಿಯಲ್ಲಿ ಅವರು ತಪ್ಪುವುದು ‘ರಿ ಗ ಮ’ ಎಂದು ಮೊದಲ ಪಾಠವಾದ ಸರಳೆ ವರಸೆಯ ಅಭ್ಯಾಸದಂತೆ ನೇರವಾಗಿ ಏರಿಬಿಡುವುದರಲ್ಲಿ. ಆ ವರಸೆಗಳ ರಾಗವಾದ ಮಾಯಾಮಾಳವಗೌಳದಲ್ಲಿ ಅಷ್ಟು ಕಾಲ ಹಾಗೆಯೇ ಹಾಡಿದ ಗಂಟಲಿಗೆ ಬೇರೆ ದಾರಿ ತಿಳಿಯುವುದಿಲ್ಲ. ‘ರಿಯಿಂದ ಗಕ್ಕೆ ಬಾಣವೇ ಇಲ್ಲ’ ಎಂದು ಒಂದು ಹಾಳೆಯ ಮೇಲೆ ತೋರಿಸಲು ಸಾಧ್ಯವಾದರೆ ಅರ್ಧ ಪಾಠ ಮುಗಿದಂತೆಯೇ.

ತಂಬೂರಿ

ನಾಲ್ಕು ದಶಕಗಳಿಂದ ಹಾಡುತ್ತಾ, ಕಲಿಸುತ್ತಾ ಬಂದವಳಾಗಿ ನನ್ನ ಆಕ್ಷೇಪವನ್ನು ನೇರವಾಗಿಯೇ ಇಡುತ್ತೇನೆ. ನೀವು ಬಿಂದು ಎಂದು ಕರೆಯುತ್ತಿರುವುದು ಸ್ವರದ ಹೆಸರನ್ನು, ಸ್ವರವನ್ನಲ್ಲ. ಕರ್ನಾಟಕ ಸಂಗೀತದಲ್ಲಿ ಸ್ವರ ಒಂದು ಜಾಗದಲ್ಲಿ ನಿಂತಿರುವುದಿಲ್ಲ. ಅಕ್ಕಪಕ್ಕದ ಸ್ಥಾನಗಳನ್ನು ಮುಟ್ಟಿ, ತೂಗಿ, ಜಾರಿ ಬರುವ ಗಮಕವೇ ಅದರ ಜೀವ.

ಆರಭಿಯನ್ನೂ ದೇವಗಾಂಧಾರಿಯನ್ನೂ ತೆಗೆದುಕೊಳ್ಳಿ. ಎರಡೂ ಶಂಕರಾಭರಣ ರಾಗದಿಂದ ಹುಟ್ಟಿದ ಜನ್ಯ ರಾಗಗಳು. ಎರಡಕ್ಕೂ ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ನಿ ದ ಪ ಮ ಗ ರಿ ಸ. ಲಕ್ಷಣವನ್ನಷ್ಟೇ ಇಟ್ಟುಕೊಂಡು ಬಾಣ ಎಳೆದರೆ ಎರಡು ರಾಗಗಳಿಗೂ ಒಂದೇ ಚಿತ್ರ ಬರುತ್ತದೆ. ಆದರೆ ಆರಭಿ ಚುರುಕಾಗಿ, ಗಾಂಧಾರ ನಿಷಾದಗಳ ಮೇಲೆ ನಿಲ್ಲದೆ ಸಾಗುತ್ತದೆ. ದೇವಗಾಂಧಾರಿ ವಿಳಂಬದಲ್ಲಿ, ದೀರ್ಘವಾದ ಗಮಕಗಳಲ್ಲಿ ಅರಳುತ್ತದೆ. ಕೇಳಿದ ಮರುಕ್ಷಣವೇ ಬೇರೆ ಎಂದು ತಿಳಿಯುವ ಎರಡು ರಾಗಗಳಿಗೆ ಒಂದೇ ರೂಪ ಕೊಡುವ ಚಿತ್ರವನ್ನು ರಾಗದ ಚಿತ್ರ ಎಂದು ನಾನು ಹೇಗೆ ಒಪ್ಪಲಿ?

ಕೋಡ್_ಕಛೇರಿ

ಮೇಡಂ, ಆರೋಹಣ ಅವರೋಹಣಗಳಿಂದ ಬರೆದ ಚಿತ್ರ ಬೇರೆ, ಹಾಡಿದ್ದನ್ನು ಎಣಿಸಿ ಬರೆದ ಚಿತ್ರ ಬೇರೆ. ಎರಡನೆಯದರಲ್ಲಿ ಬಾಣಗಳ ದಪ್ಪ ಬದಲಾಗುತ್ತದೆ. ಜೊತೆಗೆ ಆ ಸ್ವರದಲ್ಲಿ ಒಟ್ಟು ಎಷ್ಟು ಹೊತ್ತು ನಿಂತರು ಎಂಬುದನ್ನು ಬಿಂದುವಿನ ಗಾತ್ರವಾಗಿ ಬರೆದರೆ, ಆರಭಿಯಲ್ಲಿ ಗ ಮತ್ತು ನಿ ಚಿಕ್ಕ ಚುಕ್ಕೆಗಳಾಗಿ ಉಳಿಯುತ್ತವೆ, ದೇವಗಾಂಧಾರಿಯಲ್ಲಿ ಹಾಗಾಗುವುದಿಲ್ಲ. ನೀವು ಹೇಳಿದ ವ್ಯತ್ಯಾಸದ ಒಂದು ಪಾಲಾದರೂ ಹೀಗೆ ಕಾಗದಕ್ಕೆ ಬರುತ್ತದೆ. ಪೈಥಾನ್‌ನಲ್ಲಿ ನೆಟ್‌ವರ್ಕ್‌ಎಕ್ಸ್ ಎಂಬ ತಂತ್ರಾಂಶ ಬಳಸಿದರೆ ಇದು ಕೆಲವೇ ಸಾಲುಗಳ ಕೆಲಸ.

ತಂಬೂರಿ

ಒಂದು ಪಾಲು ಎಂದು ನೀವೇ ಹೇಳಿದ್ದೀರಿ. ಆ ಮಾತನ್ನು ನಾನು ಒಪ್ಪುತ್ತೇನೆ, ಅದಕ್ಕಿಂತ ಮುಂದಕ್ಕೆ ಒಪ್ಪುವುದಿಲ್ಲ.

ಧಾರವಾಡದ ತಬಲಾಪ್ರಿಯ

ಕೋಡ್_ಕಛೇರಿಯವರ ಮಾತಿಗೆ ಹಿಂದೂಸ್ತಾನಿಯಲ್ಲಿ ಒಳ್ಳೆಯ ಆಧಾರವಿದೆ. ಭೂಪ್ ಮತ್ತು ದೇಶಕಾರ್ ರಾಗಗಳೆರಡರಲ್ಲೂ ಸ ರಿ ಗ ಪ ದ ಎಂಬ ಐದೇ ಶುದ್ಧ ಸ್ವರಗಳು. ಭೂಪದಲ್ಲಿ ಗಾಂಧಾರ ವಾದಿ (ಅತಿ ಮುಖ್ಯ ಸ್ವರ), ಧೈವತ ಸಂವಾದಿ (ಎರಡನೆಯ ಮುಖ್ಯ ಸ್ವರ). ದೇಶಕಾರದಲ್ಲಿ ಧೈವತ ವಾದಿ, ಗಾಂಧಾರ ಸಂವಾದಿ. ಒಂದರ ಭಾರ ಸಪ್ತಕದ ಕೆಳ ಅರ್ಧವಾದ ಪೂರ್ವಾಂಗದಲ್ಲಿ, ಇನ್ನೊಂದರದು ಮೇಲಿನ ಅರ್ಧವಾದ ಉತ್ತರಾಂಗದಲ್ಲಿ. ಹಾಡಿದ್ದನ್ನು ಎಣಿಸಿ ಬಿಂದುಗಳ ಗಾತ್ರ ಬರೆದರೆ ಒಂದೇ ಜಾಲದ ತೂಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲುವುದು ಕಾಣಬೇಕು. ಬಿಂದುಗಳು ಯಾವುವು ಎಂಬುದಕ್ಕಿಂತ ಭಾರ ಎಲ್ಲಿದೆ ಎಂಬುದೇ ಇಲ್ಲಿ ಮುಖ್ಯ.

ತಾಳದ ಪ್ರಶ್ನೆಗೆ ಆಮೇಲೆ ಬರುತ್ತೇನೆ, ತೀನ್‌ತಾಳದ ಠೇಕಾ (ತಬಲೆಯಲ್ಲಿ ತಾಳದ ಮೂಲ ಸಾಲು) ಎಣಿಸುತ್ತಿದ್ದೇನೆ.

ಗಣಿತದ ಮೇಷ್ಟ್ರು

ಗಮಕದ ಆಕ್ಷೇಪ ನ್ಯಾಯವಾದದ್ದೇ. ಆದರೆ ಗಮಕವನ್ನು ಪೂರ್ತಿ ಬದಿಗಿಟ್ಟರೂ ಈ ಚಿತ್ರದಲ್ಲಿ ಇನ್ನೊಂದು ಕೊರತೆ ಉಳಿಯುತ್ತದೆ. ಅದು ನೆನಪಿನದು.

ನಳಿನಕಾಂತಿ ರಾಗವನ್ನು ನೋಡಿ. ಆರೋಹಣ ಸ ಗ ರಿ ಮ ಪ ನಿ ಸ, ಅವರೋಹಣ ಸ ನಿ ಪ ಮ ಗ ರಿ ಸ. ಏರುವಾಗಲೂ ಗಾಂಧಾರದಿಂದ ರಿಷಭಕ್ಕೇ ಹೋಗಬೇಕು, ಇಳಿಯುವಾಗಲೂ ಗಾಂಧಾರದಿಂದ ರಿಷಭಕ್ಕೇ ಹೋಗಬೇಕು. ಹಾಗಾಗಿ ಗ–ರಿ ಬಾಣ ಎರಡು ದಾರಿಗಳಿಗೂ ಸಾಮಾನ್ಯ. ಈಗ ನೀವು ರಿಷಭದ ಮೇಲೆ ನಿಂತಿದ್ದೀರಿ ಎಂದುಕೊಳ್ಳಿ. ಮುಂದೆ ಮಧ್ಯಮಕ್ಕೆ ಏರಬೇಕೇ, ಷಡ್ಜಕ್ಕೆ ಇಳಿಯಬೇಕೇ? ಚಿತ್ರದಲ್ಲಿ ಎರಡೂ ಬಾಣಗಳಿವೆ, ಯಾವುದನ್ನು ಹಿಡಿಯಬೇಕೆಂದು ಅದು ಹೇಳುವುದಿಲ್ಲ. ಹಿಂದಿನ ಸ್ವರ ಯಾವುದಿತ್ತು ಎಂದು ನೆನಪಿಟ್ಟುಕೊಂಡರೂ ಉಪಯೋಗವಿಲ್ಲ, ಎರಡು ಸಂದರ್ಭಗಳಲ್ಲೂ ಅದು ಗಾಂಧಾರವೇ. ಅದಕ್ಕೂ ಹಿಂದಿನ ಸ್ವರದವರೆಗೆ ಹೋಗಿ, ಸ ಗ ರಿ ಎಂದು ಬಂದೆವೋ ಮ ಗ ರಿ ಎಂದು ಬಂದೆವೋ ನೋಡಿದಾಗಲೇ ಲಕ್ಷಣ ಹೇಳುವ ದಾರಿ ಸಿಗುತ್ತದೆ. ಅಂದರೆ ಹೀಗೆ ಸ್ವರಕ್ರಮ ತಿರುಚಿಕೊಂಡ ವಕ್ರ ರಾಗಗಳಿಗೆ ಒಂದು ಸ್ವರವನ್ನು ಒಂದು ಬಿಂದುವಾಗಿ ಇಡುವುದು ಸಾಲದು. ಮೂರು ಸ್ವರಗಳ ತುಣುಕೊಂದನ್ನು ಬಿಂದುವಾಗಿ ಇಡಬೇಕಾಗುತ್ತದೆ.

ಮಲೆನಾಡ ಕೇಳುಗ

ಹಾಗಾದರೆ ಆನಂದಭೈರವಿ, ರೀತಿಗೌಳದಂತಹ ವಕ್ರ ರಾಗಗಳ ಗತಿಯೇನು ಮೇಷ್ಟ್ರೇ?

ಗಣಿತದ ಮೇಷ್ಟ್ರು

ರೀತಿಗೌಳ ಇನ್ನೂ ಕಠಿಣ. ಅದರಲ್ಲಿ ಮಧ್ಯಮವೊಂದರಿಂದಲೇ ನಿಷಾದಕ್ಕೆ, ಗಾಂಧಾರಕ್ಕೆ, ಪಂಚಮಕ್ಕೆ ಮೂರು ದಿಕ್ಕುಗಳಲ್ಲಿ ಬಾಣ ಹೊರಡುತ್ತದೆ. ಇವುಗಳಲ್ಲಿ ಯಾವುದು ಯಾವಾಗ ಎಂಬುದನ್ನು ತಿಳಿದವನೇ ರೀತಿಗೌಳ ಬಲ್ಲವನು. ಆ ತಿಳಿವಳಿಕೆ ಬಾಣಗಳ ಪಟ್ಟಿಯಲ್ಲಿ ಸಿಗುವುದಿಲ್ಲ.

ಕೋಡ್_ಕಛೇರಿ

ಈ ದಾರಿಯಲ್ಲಿ ಕೆಲಸ ಆಗಿದೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಝೇವಿಯರ್ ಸೆರಾ ಅವರ ನೇತೃತ್ವದಲ್ಲಿ 2011ರಿಂದ ನಡೆದ ಕಾಂಪ್‌ಮ್ಯೂಸಿಕ್ ಯೋಜನೆ ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತಗಳನ್ನೂ ಅಧ್ಯಯನಕ್ಕೆ ಎತ್ತಿಕೊಂಡಿತ್ತು. ಅಲ್ಲಿಯ ಸಂಶೋಧಕರು ಬಿಡಿ ಸ್ವರಗಳನ್ನು ಬಿಂದುಗಳಾಗಿ ಇಡಲಿಲ್ಲ. ಧ್ವನಿಮುದ್ರಣಗಳಿಂದ ಶ್ರುತಿಯ ಏರಿಳಿತದ ರೇಖೆಯನ್ನು ತೆಗೆದು, ಅದರಲ್ಲಿ ಮರುಕಳಿಸುವ ಸಂಚಾರಗಳನ್ನು (ಸ್ವರಗಳ ಸಣ್ಣ ಸಾಲುಗಳನ್ನು) ಹುಡುಕಿ, ಆ ಸಂಚಾರಗಳನ್ನೇ ಬಿಂದುಗಳನ್ನಾಗಿ ಮಾಡಿ, ಒಂದನ್ನೊಂದು ಹೋಲುವವುಗಳ ನಡುವೆ ಗೆರೆ ಎಳೆದರು. ಆ ಜಾಲದಲ್ಲಿ ಒಟ್ಟಾಗಿ ಗುಂಪುಗೂಡುವ ಬಿಂದುಗಳಲ್ಲಿ ರಾಗದ ವಿಶಿಷ್ಟ ಸಂಚಾರಗಳನ್ನು ಅರಸಿದರು. ತಂಬೂರಿ ಮೇಡಂ ಕೇಳುತ್ತಿರುವ ಗಮಕವೂ, ಮೇಷ್ಟ್ರು ಕೇಳುತ್ತಿರುವ ನೆನಪೂ ಆ ಬಿಂದುವಿನ ಒಳಗೇ ಸೇರಿಕೊಂಡಿರುತ್ತವೆ.

ತಂಬೂರಿ

ಇದು ನನಗೆ ಒಪ್ಪಿಗೆಯಾಗುವ ಮಾತು. ಗುರುಗಳು ರಾಗ ಕಲಿಸುವಾಗ ಸ್ವರಗಳನ್ನು ಬಿಡಿಬಿಡಿಯಾಗಿ ಕೊಡುವುದಿಲ್ಲ, ಸಂಚಾರಗಳನ್ನೇ ಬಾಯಿಂದ ಬಾಯಿಗೆ ಕೊಡುತ್ತಾರೆ. ಶಿಷ್ಯನಿಗೆ ಸಿಗುವ ಬಿಂದು ಅದೇ. ಸಂಚಾರವನ್ನು ಬಿಂದುವಾಗಿ ಇಟ್ಟ ಚಿತ್ರವಾದರೆ ರಾಗದ ಹತ್ತಿರಕ್ಕೆ ಬರುತ್ತದೆ. ಆದರೂ ಒಂದು ಮಾತು ಸೇರಿಸುತ್ತೇನೆ. ಶ್ರುತಿ ಪೆಟ್ಟಿಗೆಯೋ ತಂಬೂರಿಯೋ ಹಿಂದೆ ನಿರಂತರವಾಗಿ ನುಡಿಯುತ್ತಿರುವಾಗ ಪ್ರತಿ ಸ್ವರವೂ ಪ್ರತಿ ಕ್ಷಣವೂ ಷಡ್ಜದೊಡನೆ ಸಂಬಂಧದಲ್ಲಿದೆ. ಮಲಹರಿಯ ಶುದ್ಧ ರಿಷಭ ಹಿಂದಿನ ಗಾಂಧಾರದಿಂದ ಬಂದದ್ದು ಎಂಬುದಕ್ಕಿಂತ ಆಧಾರ ಷಡ್ಜಕ್ಕೆ ಅಷ್ಟು ಹತ್ತಿರದಲ್ಲಿ ನಿಂತಿದೆ ಎಂಬುದರಿಂದಲೇ ಹಾಗೆ ಕೇಳಿಸುತ್ತದೆ. ಆ ಗೆರೆ ನಿಮ್ಮ ಯಾವ ಚಿತ್ರದಲ್ಲೂ ಇಲ್ಲ.

ಗಣಿತದ ಮೇಷ್ಟ್ರು

ಆ ಗೆರೆಯನ್ನು ಎಳೆಯುವ ಪದ್ಧತಿಯೂ ಒಂದಿದೆ, ಹಳೆಯದು. ಗಣಿತಜ್ಞ ಆಯ್ಲರ್ 1735ರಲ್ಲಿ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನೂ ಒಂದೊಂದೇ ಸಲ ದಾಟಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಬಿಡಿಸಿ ಗ್ರಾಫ್ ಸಿದ್ಧಾಂತಕ್ಕೆ ಅಡಿಪಾಯ ಹಾಕಿದರು. ಅದೇ ಆಯ್ಲರ್ 1739ರಲ್ಲಿ ಪ್ರಕಟಿಸಿದ ಸಂಗೀತಶಾಸ್ತ್ರದ ಗ್ರಂಥದಲ್ಲಿ ಸ್ವರಗಳನ್ನು ಜಾಲವಾಗಿ ಜೋಡಿಸಿದ್ದಾರೆ. ಅಲ್ಲಿ ಗೆರೆ ಎಂದರೆ ಒಂದರ ನಂತರ ಇನ್ನೊಂದು ಬರುತ್ತದೆ ಎಂದಲ್ಲ, ಒಂದರೊಡನೆ ಇನ್ನೊಂದು ಹೊಂದಿ ನುಡಿಯುತ್ತದೆ ಎಂದು ಅರ್ಥ.

ಆ ಬಗೆಯಲ್ಲಿ ನಮ್ಮ ಮೋಹನ ರಾಗವನ್ನು ಬರೆದು ನೋಡೋಣ. ಷಡ್ಜ–ಪಂಚಮ ಸಂಬಂಧವಿರುವ, ಅಂದರೆ ಸ ಮತ್ತು ಪಗಳ ನಡುವಿನಷ್ಟೇ ಅಂತರವಿರುವ, ಸ್ವರಗಳನ್ನು ಮಾತ್ರ ಗೆರೆಯಿಂದ ಸೇರಿಸಿದರೆ ಸ–ಪ–ರಿ–ದ–ಗ ಎಂಬ ನೇರ ಸರಪಳಿ ಬರುತ್ತದೆ, ಒಂದು ಕೊಂಡಿಯೂ ತಪ್ಪುವುದಿಲ್ಲ. ಈಗ ಗ್ರಹಭೇದ ಮಾಡಿ, ಅಂದರೆ ಅದೇ ಸ್ವರಗಳಲ್ಲಿ ಬೇರೊಂದನ್ನು ಷಡ್ಜವಾಗಿ ಹಿಡಿಯಿರಿ. ಎರಡನೆಯ ಕೊಂಡಿಯಾದ ಪಂಚಮವನ್ನು ಷಡ್ಜವೆಂದುಕೊಂಡರೆ ಶುದ್ಧ ಸಾವೇರಿ, ಮೂರನೆಯದಾದ ರಿಷಭವನ್ನು ಷಡ್ಜವೆಂದುಕೊಂಡರೆ ಮಧ್ಯಮಾವತಿ, ನಾಲ್ಕನೆಯದಾದ ಧೈವತವನ್ನು ಹಿಡಿದರೆ ಶುದ್ಧ ಧನ್ಯಾಸಿ, ಕೊನೆಯ ಗಾಂಧಾರವನ್ನು ಹಿಡಿದರೆ ಹಿಂದೋಳ. ಐದು ರಾಗಗಳಿಗೂ ಒಂದೇ ಸರಪಳಿ, ಷಡ್ಜ ಕುಳಿತ ಕೊಂಡಿ ಮಾತ್ರ ಬೇರೆ. ಮೋಹನದಲ್ಲಿ ಮಧ್ಯಮ ಏಕಿಲ್ಲ, ಹಿಂದೋಳದಲ್ಲಿ ಪಂಚಮ ಏಕಿಲ್ಲ ಎಂಬುದೂ ಇಲ್ಲಿಯೇ ಕಾಣುತ್ತದೆ: ಮೋಹನದ ಷಡ್ಜ ಸರಪಳಿಯ ಮೊದಲ ತುದಿಯಲ್ಲಿದೆ, ಅದರ ಹಿಂದೆ ಕೊಂಡಿಯಿಲ್ಲ, ಹಿಂದೋಳದ ಷಡ್ಜ ಕೊನೆಯ ತುದಿಯಲ್ಲಿದೆ, ಅದರ ಮುಂದೆ ಕೊಂಡಿಯಿಲ್ಲ.

ಮಲೆನಾಡ ಕೇಳುಗ

ಗ್ರಹಭೇದವನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಈ ಸರಪಳಿಯನ್ನು ಬರೆದು ಗೋಡೆಗೆ ಅಂಟಿಸುತ್ತೇನೆ.

ಮೃದಂಗಿ

ಎಲ್ಲರೂ ರಾಗದಲ್ಲೇ ಮುಳುಗಿದ್ದೀರಿ. ತಾಳದ ಪ್ರಶ್ನೆ ಹಾಗೆಯೇ ಉಳಿದಿದೆ.

ತಾಳದಲ್ಲಿ ಬಿಂದು ಯಾವುದು ಎಂಬುದೇ ಮೊದಲ ತೊಡಕು. ಅಕ್ಷರದ, ಅಂದರೆ ತಾಳದ ಒಂದೊಂದು ಎಣಿಕೆಯ, ಸ್ಥಾನವನ್ನು ಬಿಂದುವಾಗಿ ಇಟ್ಟರೆ ಆದಿ ತಾಳ 8 ಬಿಂದುಗಳ ಉಂಗುರವಾಗುತ್ತದೆ, ರೂಪಕ 6ರ ಉಂಗುರ. ಅದರಿಂದ ಎಣಿಕೆಯ ಹೊರತು ಏನೂ ತಿಳಿಯುವುದಿಲ್ಲ. ಆದ್ದರಿಂದ ಕೈಯ ಕ್ರಿಯೆಗಳನ್ನು ಬಿಂದುಗಳಾಗಿ ಇಟ್ಟು ನೋಡಿ: ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಹುಸಿ (ಅಂಗೈ ಹೊರಳಿಸುವುದು). ಚತುರಶ್ರ ಜಾತಿಯಲ್ಲಿ, ಅಂದರೆ ನಾಲ್ಕರ ಎಣಿಕೆಯಲ್ಲಿ, ಲಘು ಎಂಬ ತಾಳದ ಅಂಗವೆಂದರೆ ಪೆಟ್ಟಿನಿಂದ ಹೊರಟು ಮೂರು ಬೆರಳುಗಳನ್ನು ದಾಟಿ ಪೆಟ್ಟಿಗೆ ಮರಳುವ ದೊಡ್ಡ ಸುತ್ತು. ದ್ರುತ ಎಂಬ ಅಂಗವೆಂದರೆ ಪೆಟ್ಟಿನಿಂದ ಹುಸಿಗೆ ಹೋಗಿ ಪೆಟ್ಟಿಗೆ ಮರಳುವ ಚಿಕ್ಕ ಸುತ್ತು. ಎರಡು ಸುತ್ತುಗಳೂ ಪೆಟ್ಟೆಂಬ ಒಂದೇ ಬಿಂದುವಿನಲ್ಲಿ ಕೂಡುತ್ತವೆ.

ಈಗ ಸಮಸ್ಯೆ ನೋಡಿ. ಆದಿ (4+2+2), ರೂಪಕ (2+4), ಮಠ್ಯ (4+2+4), ಧ್ರುವ (4+2+4+4), ಅಟ್ಟ (4+4+2+2), ಈ ಐದಕ್ಕೂ ಬಾಣಗಳ ಚಿತ್ರ ಒಂದೇ! ಬಾಣದ ದಪ್ಪ ಸೇರಿಸಿದರೆ ಸ್ವಲ್ಪ ಬಿಡಿಸಿಕೊಳ್ಳುತ್ತದೆ. ದೊಡ್ಡ ಸುತ್ತು ಮತ್ತು ಚಿಕ್ಕ ಸುತ್ತುಗಳ ಲೆಕ್ಕ ಆದಿಯಲ್ಲಿ 1ಕ್ಕೆ 2, ಮಠ್ಯದಲ್ಲಿ 2ಕ್ಕೆ 1, ಧ್ರುವದಲ್ಲಿ 3ಕ್ಕೆ 1. ಆದರೆ ರೂಪಕದಲ್ಲಿ 1ಕ್ಕೆ 1, ಅಟ್ಟದಲ್ಲಿ 2ಕ್ಕೆ 2. ಪ್ರಮಾಣವನ್ನಷ್ಟೇ ನೋಡುವ ಗಣಕಕ್ಕೆ ರೂಪಕವೂ ಅಟ್ಟವೂ ಒಂದೇ ಎಂದು ತೋರುತ್ತದೆ. ಆರು ಅಕ್ಷರದ ತಾಳವನ್ನೂ ಹನ್ನೆರಡು ಅಕ್ಷರದ ತಾಳವನ್ನೂ ಬೇರೆ ಮಾಡಲಾಗದ ಚಿತ್ರವನ್ನು ಇಟ್ಟುಕೊಂಡು ಯಾವ ಪಕ್ಕವಾದ್ಯಗಾರನೂ ವೇದಿಕೆ ಹತ್ತಲಾರ. ತಾಳದಲ್ಲಿ ಅಂಗಗಳ ಅನುಕ್ರಮವೇ ಸರ್ವಸ್ವ, ನಿಮ್ಮ ಜಾಲ ಮೊದಲು ಬಿಟ್ಟುಕೊಡುವುದೇ ಅದನ್ನು.

ಕೋಡ್_ಕಛೇರಿ

ಒಪ್ಪಿದೆ ಸರ್, ಆದರೆ ಇದು ಬಿಂದುವಿನ ಆಯ್ಕೆಯ ಪ್ರಶ್ನೆಯೇ ಹೊರತು ಗ್ರಾಫಿನ ದೋಷವಲ್ಲ. ಅಂಗದ ಸಂಖ್ಯೆಯನ್ನೂ ಸೇರಿಸಿ ‘ಮೊದಲ ಲಘುವಿನ ಪೆಟ್ಟು’, ‘ಎರಡನೆಯ ಲಘುವಿನ ಪೆಟ್ಟು’ ಎಂದು ಬೇರೆ ಮಾಡಿದರೆ ಅಟ್ಟ ಮತ್ತು ರೂಪಕ ಬೇರೆಯಾಗುತ್ತವೆ.

ಮೃದಂಗಿ

ಹಾಗೆ ಮಾಡಿದರೆ ಮತ್ತೆ ಅದೇ ಉಂಗುರ ಬಂತು, 12 ಬಿಂದುಗಳದು. ಸುತ್ತಿ ಅಲ್ಲಿಗೇ ಬಂದಿರಿ.

ಧಾರವಾಡದ ತಬಲಾಪ್ರಿಯ

ಮೃದಂಗಿಯವರೇ, ಕ್ರಿಯೆಗಳ ಬದಲು ತಬಲೆಯ ಮೇಲೆ ನುಡಿಸುವ ಪೆಟ್ಟುಗಳ ಹೆಸರಾದ ಬೋಲುಗಳನ್ನು ಬಿಂದುಗಳಾಗಿ ಇಟ್ಟು ನೋಡಿ, ಚಿತ್ರಕ್ಕೆ ಮಾತು ಬರುತ್ತದೆ. ತೀನ್‌ತಾಳದ ಠೇಕಾ ಇದು:

ಧಾ ಧಿನ್ ಧಿನ್ ಧಾ | ಧಾ ಧಿನ್ ಧಿನ್ ಧಾ | ಧಾ ತಿನ್ ತಿನ್ ತಾ | ತಾ ಧಿನ್ ಧಿನ್ ಧಾ

ಕೊನೆಯ ಧಾದಿಂದ ಮತ್ತೆ ತಾಳದ ಮೊದಲ ಎಣಿಕೆಯಾದ ಸಮ್‌ಗೆ ಬರುವ ನಡೆಯನ್ನೂ ಸೇರಿಸಿದರೆ 16 ನಡೆಗಳು. ಬಿಂದುಗಳು ನಾಲ್ಕೇ: ಧಾ, ಧಿನ್, ತಿನ್, ತಾ. ಬಾಣಗಳು 9 ಬಗೆಯವು. ಧಿನ್–ಧಿನ್, ಧಿನ್–ಧಾ, ಧಾ–ಧಾ ತಲಾ 3 ಸಲ. ಧಾ–ಧಿನ್ 2 ಸಲ. ಉಳಿದ ಐದು ಒಂದೊಂದೇ ಸಲ. ಚಿತ್ರದಲ್ಲಿ ಧಾ ಮತ್ತು ಧಿನ್‌ಗಳ ನಡುವೆ ದಪ್ಪನೆಯ ಒಂದು ಸುತ್ತು ಕಾಣುತ್ತದೆ. ಧಾದಿಂದ ಹೊರಟು ತಿನ್, ತಾಗಳ ಮೂಲಕ ಹಾದು ಧಿನ್‌ಗೆ ಮರಳುವ ತೆಳುವಾದ ಒಂದು ಪಕ್ಕದ ದಾರಿ ಬೇರೆಯಾಗಿ ನಿಲ್ಲುತ್ತದೆ. ಆ ತೆಳು ದಾರಿಯೇ ಖಾಲಿ, ತಾಳದ ಪೆಟ್ಟಿಲ್ಲದ ಭಾಗ.

ಇನ್ನೂ ಒಂದು ವಿಷಯ ನನಗೆ ಬಹಳ ಹಿಡಿಸಿತು. ಕೈಯಲ್ಲಿ ಖಾಲಿ ತೋರಿಸುವುದು 9ನೆಯ ಮಾತ್ರೆಯಲ್ಲಿ, ತಾಲಿ, ಅಂದರೆ ಚಪ್ಪಾಳೆ, ಮರಳುವುದು 13ರಲ್ಲಿ. ಆದರೆ ಚಿತ್ರದಲ್ಲಿ ಪಕ್ಕದ ದಾರಿಯ ಮೊದಲ ಬಿಂದುವಾದ ತಿನ್ ಬರುವುದು 10ರಲ್ಲಿ, ಮುಖ್ಯ ಸುತ್ತಿನ ಧಿನ್ ಮರಳಿ ಸಿಗುವುದು 14ರಲ್ಲಿ. ಬೋಲುಗಳಲ್ಲಿ ಎಡಗೈಯ ಗುಂಗು ಕೈತಾಳಕ್ಕಿಂತ ಒಂದು ಮಾತ್ರೆ ತಡವಾಗಿ ಮರೆಯಾಗಿ, ಒಂದು ಮಾತ್ರೆ ತಡವಾಗಿ ಮರಳುತ್ತದೆ. ತಬಲಾ ನುಡಿಸುವವರಿಗೆ ಇದು ಕೈಗೆ ಗೊತ್ತು. ಹಾಡುವವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಈ ಚಿತ್ರವನ್ನು ಮುಂದಿಟ್ಟರೆ ಸುಲಭವಾಗುತ್ತದೆ.

ಮೃದಂಗಿ

ಇದನ್ನು ಒಪ್ಪುತ್ತೇನೆ. ಬೋಲಿನಲ್ಲಿ ನಾದವಿದೆ, ನಾದ ಬದಲಾದ ಕಡೆ ದಾರಿ ಬದಲಾಗುತ್ತದೆ. ಕೈತಾಳದಲ್ಲಿ ಅದಿಲ್ಲ.

ಹಳೆಗನ್ನಡದ ಓದುಗ

ಲಯದ ಜಾಲದ ಮಾತು ಬಂದದ್ದರಿಂದ ಛಂದಸ್ಸಿನ ಕಡೆಗೆ ಒಂದು ಹೆಜ್ಜೆ ಇಡುತ್ತೇನೆ. ಪ್ರೌಢಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ‘ಯಮಾತಾರಾಜಭಾನಸಲಗಂ’ ಎಂಬ, ಛಂದಸ್ಸಿನ ಎಂಟು ಗಣಗಳನ್ನು ಹೇಳುವ ಸೂತ್ರವೇ ಒಂದು ಗ್ರಾಫಿನ ಮೇಲಿನ ಪ್ರಯಾಣ.

ಇಲ್ಲಿ ಲ ಎಂದರೆ ಲಘು (ಹ್ರಸ್ವ ಅಕ್ಷರ, ತಾಳದ ಲಘುವಲ್ಲ), ಗು ಎಂದರೆ ಗುರು (ದೀರ್ಘ ಅಕ್ಷರ). ಎರಡೆರಡು ಅಕ್ಷರಗಳ ಜೋಡಿಗಳನ್ನು ಬಿಂದುಗಳಾಗಿ ಬರೆಯಿರಿ: ಲಲ, ಲಗು, ಗುಲ, ಗುಗು. ಒಂದು ಜೋಡಿಯ ಮುಂದೆ ಇನ್ನೊಂದು ಅಕ್ಷರ ಸೇರಿದಾಗ ಮೂರಕ್ಷರದ ಒಂದು ಗಣವಾಗುತ್ತದೆ, ಅದರ ಕೊನೆಯ ಎರಡು ಅಕ್ಷರಗಳು ಮುಂದಿನ ಬಿಂದುವಾಗುತ್ತವೆ. ಹೀಗೆ ಎಂಟು ಗಣಗಳೂ ಎಂಟು ಬಾಣಗಳಾಗುತ್ತವೆ. ಯಗಣ ಲಗುವಿನಿಂದ ಗುಗುವಿಗೆ, ಮಗಣ ಗುಗುವಿನ ಮೇಲೆಯೇ ಸುತ್ತು, ತಗಣ ಗುಗುವಿನಿಂದ ಗುಲಕ್ಕೆ, ರಗಣ ಅಲ್ಲಿಂದ ಲಗುವಿಗೆ, ಜಗಣ ಮತ್ತೆ ಗುಲಕ್ಕೆ, ಭಗಣ ಲಲಕ್ಕೆ, ನಗಣ ಲಲದ ಮೇಲೆಯೇ ಸುತ್ತು, ಸಗಣ ಲಗುವಿಗೆ ಮರಳಿ. ಹೊರಟ ಬಿಂದುವಿಗೇ ಬಂದು ಮುಟ್ಟಿದೆವು, ಎಂಟು ಬಾಣಗಳನ್ನೂ ಒಂದೊಂದು ಸಲ ಮಾತ್ರ ತುಳಿದೆವು. ಸೂತ್ರದ ಕೊನೆಯ ‘ಲಗಂ’ ಎಂಬುದು ಮೊದಲಿನ ‘ಯಮಾ’ದ ಲಘು ಗುರುಗಳೇ ಆಗಿರುವುದರಿಂದ ಸುತ್ತು ಪೂರ್ಣವಾಗುತ್ತದೆ.

ಗಣಿತದ ಮೇಷ್ಟ್ರು

ಇದು ಅತ್ಯಂತ ಸುಂದರವಾದ ಉದಾಹರಣೆ. ಪ್ರತಿ ಗೆರೆಯನ್ನೂ ಒಂದೇ ಸಲ ತುಳಿದು ಹೊರಟಲ್ಲಿಗೆ ಮರಳುವ ಪ್ರಯಾಣಕ್ಕೆ ಆಯ್ಲರ್ ಸುತ್ತು ಎಂದೇ ಹೆಸರು, ಕೋನಿಗ್ಸ್‌ಬರ್ಗ್ ಸೇತುವೆಗಳ ಪ್ರಶ್ನೆ ಬೆಳೆದು ಬಂದದ್ದೂ ಇದೇ ಪ್ರಶ್ನೆಯಾಗಿ. ಇಂತಹ ಅಕ್ಷರಸರಣಿಯನ್ನು ಗಣಿತದಲ್ಲಿ, 1946ರಲ್ಲಿ ಅವುಗಳ ಬಗ್ಗೆ ಬರೆದ ಡಚ್ ಗಣಿತಜ್ಞರ ಹೆಸರಿನಿಂದ, ಡಿ ಬ್ರೌನ್ ಸರಣಿ ಎನ್ನುತ್ತಾರೆ.

ತಂಬೂರಿ

ಓದುಗರೇ, ಹಾಗಾದರೆ ಶಾರ್ದೂಲವಿಕ್ರೀಡಿತ ಎಂಬ ಛಂದೋವೃತ್ತವೂ ಆ ನಾಲ್ಕು ಬಿಂದುಗಳ ಮೇಲಿನ ಒಂದು ನಡಿಗೆಯೇ ಅಲ್ಲವೇ?

ಹಳೆಗನ್ನಡದ ಓದುಗ

ಹೌದು ಅಮ್ಮ. ಮ ಸ ಜ ಸ ತ ತ ಗ ಎಂಬ 19 ಅಕ್ಷರಗಳ ನಡಿಗೆ. ಮತ್ತೇಭವಿಕ್ರೀಡಿತ, ಸ್ರಗ್ಧರೆ, ಚಂಪಕಮಾಲೆಗಳೂ ಅದೇ ನಾಲ್ಕು ಬಿಂದುಗಳ ಮೇಲೆಯೇ ನಡೆಯುತ್ತವೆ.

ತಂಬೂರಿ

ನನ್ನ ವಾದಕ್ಕೆ ಇದೇ ಬಲ. ಊರಿನ ರಸ್ತೆಗಳ ನಕ್ಷೆ ಎಲ್ಲರಿಗೂ ಒಂದೇ; ಯಾರು ಯಾವ ದಾರಿಯಲ್ಲಿ ಯಾವ ಹೊತ್ತಿಗೆ ಹೋಗುತ್ತಾರೆ ಎಂಬುದು ನಕ್ಷೆಯಲ್ಲಿರುವುದಿಲ್ಲ. ಎಲ್ಲ ವೃತ್ತಗಳಿಗೂ ಸಾಮಾನ್ಯವಾದ ಜಾಲ ಯಾವ ವೃತ್ತವನ್ನೂ ತೋರಿಸದು. ವೃತ್ತ ಇರುವುದು ನಡಿಗೆಯಲ್ಲಿ. ರಾಗವೂ ಹಾಗೆಯೇ.

ಕೋಡ್_ಕಛೇರಿ

ಆದರೆ ಮೇಡಂ, ಮಲಹರಿಗೆ ಇರುವ ಜಾಲ ಎಲ್ಲ ರಾಗಗಳಿಗೂ ಸಾಮಾನ್ಯವಲ್ಲ. ಛಂದಸ್ಸಿನ ಆ ಗ್ರಾಫಿನಲ್ಲಿ ಸಾಧ್ಯವಿರುವ ಎಲ್ಲ ಬಾಣಗಳೂ ಇವೆ. ರಾಗದ ಗ್ರಾಫಿನಲ್ಲಿ ಹಲವು ಬಾಣಗಳು ಇರುವುದೇ ಇಲ್ಲ. ನ್ಯೂಜೆರ್ಸಿಯ ಶಿಕ್ಷಕಿಯವರು ಮೊದಲೇ ಹೇಳಿದಂತೆ ರಿ–ಗ ಇಲ್ಲ, ಗ–ಮ ಇಲ್ಲ. ರಾಗವನ್ನು ಪೂರ್ತಿ ಹೇಳಲಾಗದಿದ್ದರೂ ರಾಗ ಯಾವುದನ್ನು ಬೇಡವೆನ್ನುತ್ತದೆ ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ.

ತಂಬೂರಿ

ವರ್ಜ್ಯವನ್ನು ತೋರಿಸುತ್ತದೆ ಎಂದರೆ ನನ್ನ ವಿರೋಧವಿಲ್ಲ. ಕಲಿಯುವವರಿಗೆ ಅದು ದೊಡ್ಡ ಸಹಾಯವೇ.

ವೀಣಾಭ್ಯಾಸಿ

ಎಲ್ಲರಿಗೂ ಧನ್ಯವಾದಗಳು. ಸ್ಥಾಯಿಯ ಪ್ರಶ್ನೆಗೆ ಮಾತ್ರ ಇನ್ನೂ ಯಾರೂ ಉತ್ತರಿಸಿಲ್ಲ. ಎರಡು ಸ್ಥಾಯಿಗಳನ್ನು ಸೇರಿಸಿದರೆ ಬಿಂದುಗಳು 6ಕ್ಕೂ ಬಾಣಗಳು 15ಕ್ಕೂ ಇಳಿಯುತ್ತವೆ, ಏಕೆಂದರೆ ತಾರಸ್ಥಾಯಿಯ ರಿ–ಸ ಮತ್ತು ಮಧ್ಯಸ್ಥಾಯಿಯ ರಿ–ಸ ಒಂದಾಗುತ್ತವೆ. ಚಿತ್ರ ಸರಳವಾಗುತ್ತದೆ. ಆದರೆ ತಾರ ಷಡ್ಜದಿಂದ ಧೈವತಕ್ಕೆ ಇಳಿಯುವ ಒಂದು ಸಹಜ ಮೆಟ್ಟಿಲು, ಕೆಳಗಿನ ಷಡ್ಜದಿಂದ ಧೈವತಕ್ಕೆ ಹಾರಿದಂತೆ ಕಾಣುತ್ತದೆ. ವೀಣೆಯ ಮೇಲೆ ಅವೆರಡೂ ಕೈಗೆ ಎಷ್ಟು ಬೇರೆ ಎಂಬುದು ನುಡಿಸುವವರಿಗೆ ಗೊತ್ತು.

ಗಣಿತದ ಮೇಷ್ಟ್ರು

ಬಿಂದುಗಳನ್ನು ಉದ್ದ ಸಾಲಿನಲ್ಲಿ ಇಟ್ಟರೆ ಮಾತ್ರ ಹಾಗೆ ಕಾಣುತ್ತದೆ. 12 ಸ್ವರಸ್ಥಾನಗಳನ್ನು ಗಡಿಯಾರದಂತೆ ವೃತ್ತದಲ್ಲಿ ಜೋಡಿಸಿ, ಬಲಕ್ಕೆ ತಿರುಗುವುದು ಏರಿಕೆ, ಎಡಕ್ಕೆ ತಿರುಗುವುದು ಇಳಿಕೆ ಎಂದು ಇಟ್ಟುಕೊಳ್ಳಿ. ಆಗ ಧೈವತ ಷಡ್ಜದ ಎಡಗಡೆಯಲ್ಲೇ ಇರುತ್ತದೆ, ಮೆಟ್ಟಿಲು ಮೆಟ್ಟಿಲಾಗಿಯೇ ಕಾಣುತ್ತದೆ, ‘ಪ ರಿ’ ಎಂಬ ಜಿಗಿತ ಮಾತ್ರ ವೃತ್ತವನ್ನು ಸೀಳಿ ಹೋಗುತ್ತದೆ. ರಾಗಲಕ್ಷಣ ನೋಡಲು ಸ್ಥಾಯಿಗಳನ್ನು ಸೇರಿಸಿದ ವೃತ್ತ ಸಾಕು. ಒಂದು ರಚನೆಯ ಧಾತುವನ್ನು ನೋಡಲು ಸ್ಥಾಯಿಗಳನ್ನು ಬೇರೆಯಾಗಿಯೇ ಇಡಬೇಕು, ಏಕೆಂದರೆ ಗೀತೆ ಎರಡನೆಯ ಆವರ್ತದೊಳಗೇ ತಾರ ರಿಷಭವನ್ನು ಮುಟ್ಟಿ ಇಳಿಯುವುದು ಅದರ ನಡಿಗೆಯ ಮುಖ್ಯ ಅಂಶ.

ಕೋಡ್_ಕಛೇರಿ

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಗೆಫಿಯಂತಹ ತಂತ್ರಾಂಶಗಳಲ್ಲಿ ಬಿಂದುಗಳು ಒಂದನ್ನೊಂದು ತಳ್ಳಿ ಸೆಳೆದು ತಾವೇ ಜಾಗ ಹುಡುಕಿಕೊಳ್ಳುವ ವಿನ್ಯಾಸವನ್ನು ಹಲವರು ಬಳಸುತ್ತಾರೆ. ನೋಡಲು ಚೆನ್ನಾಗಿದ್ದರೂ ಅಲ್ಲಿ ಬಿಂದುವಿನ ಎತ್ತರಕ್ಕೂ ದಿಕ್ಕಿಗೂ ಶ್ರುತಿಯೊಡನೆ ಯಾವ ಸಂಬಂಧವೂ ಇರುವುದಿಲ್ಲ. ಅದೇ ಗೀತೆಯನ್ನು ಇನ್ನೊಮ್ಮೆ ಬರೆಸಿದರೆ ಮಧ್ಯಮ ಮೇಲಿದ್ದದ್ದು ಕೆಳಗೆ ಹೋಗಿರಬಹುದು. ಮಕ್ಕಳಿಗೆ ತೋರಿಸುವ ಚಿತ್ರದಲ್ಲಿ ಸ್ವರಗಳ ಜಾಗ ಖಾಯಂ ಆಗಿರಲಿ.

ನ್ಯೂಜೆರ್ಸಿಯ ಸಂಗೀತ ಶಿಕ್ಷಕಿ

ನಾನು ಮೇಷ್ಟ್ರು ಹೇಳಿದ ವೃತ್ತವನ್ನೇ ಹಿಡಿಯುತ್ತೇನೆ. ಗೀತೆ ಹಾಡುತ್ತಾ ಮಕ್ಕಳೇ ಒಂದೊಂದು ಬಾಣ ಎಳೆಯಲಿ, ಮರಳಿ ಬಂದದ್ದನ್ನು ಮತ್ತೆ ತಿದ್ದಲಿ. ಬಣ್ಣ ಬೇಕಾದರೆ ಏರುವ ಬಾಣಕ್ಕೆ ಒಂದು, ಇಳಿಯುವ ಬಾಣಕ್ಕೆ ಇನ್ನೊಂದು. ಮುಗಿದ ಮೇಲೆ ಯಾವ ಎರಡು ಸ್ವರಗಳ ನಡುವೆ ಬಾಣವಿಲ್ಲ ಎಂದು ಅವರನ್ನೇ ಕೇಳುತ್ತೇನೆ.

ತಂಬೂರಿ

ಹಾಗೆ ಮಾಡುವಾಗ ಬಾಣ ಎಳೆಯುವ ಮೊದಲು ಹಾಡಿಸಿ ಮೇಡಂ, ಎಳೆದ ಮೇಲೆ ಹಾಡಿಸುವುದು ಬೇಡ. ಇಲ್ಲವಾದರೆ ಅವರು ಹಾಳೆಯನ್ನು ನೋಡಿ ಬಿಡಿ ಸ್ವರ ಹಾಡುವುದನ್ನು ಕಲಿತುಬಿಡುತ್ತಾರೆ, ‘ದ ಪ ಮ ಗ ರಿ ಸ’ ಎಂಬ ಒಂದೇ ಉಸಿರಿನ ಇಳಿಕೆ ತುಂಡಾಗುತ್ತದೆ.

ವೀಣಾಭ್ಯಾಸಿ

ಮಲಹರಿಯಲ್ಲೇ ಇರುವ ‘ಕುಂದಗೌರ’, ‘ಕೆರೆಯ ನೀರನು’, ‘ಪದುಮನಾಭ’ ಗೀತೆಗಳನ್ನೂ ಇದೇ ರೀತಿ ಎಣಿಸಿ, ನಾಲ್ಕನ್ನೂ ಒಂದೇ ವೃತ್ತದ ಮೇಲೆ ಬರೆದು ಇಲ್ಲಿ ಹಾಕುತ್ತೇನೆ. ಒಂದು ಗೀತೆಯಲ್ಲಿ ಮಾತ್ರ ಬರುವ ಬಾಣ ಯಾವುದು, ನಾಲ್ಕರಲ್ಲೂ ಬರುವುದು ಯಾವುದು ಎಂದು ನೋಡಿದರೆ ಗೀತೆಯದೆಷ್ಟು ರಾಗದ್ದೆಷ್ಟು ಎಂಬ ನನ್ನ ಎರಡನೆಯ ಪ್ರಶ್ನೆಗೆ ಸ್ವಲ್ಪವಾದರೂ ಉತ್ತರ ಸಿಗಬೇಕು. ಪಾಠಾಂತರ ಬೇರೆ ಇರುವವರು ತಮ್ಮ ಗುರುಗಳು ಹೇಳಿಕೊಟ್ಟ ಸ್ವರಪಾಠವನ್ನು ಆವರ್ತದ ಗೆರೆಗಳೊಂದಿಗೆ ಕಳುಹಿಸಿಕೊಡಿ. ಅವನ್ನು ಬೇರೆ ಬಣ್ಣದಲ್ಲಿ ಗುರುತಿಸುತ್ತೇನೆ.

ಮೃದಂಗಿ

‘ಕೆರೆಯ ನೀರನು’ ತ್ರಿಪುಟ ತಾಳದ್ದು. ಪ್ರತಿ ಬಾಣದ ಪಕ್ಕದಲ್ಲಿ ಅದು ಎಷ್ಟನೆಯ ಅಕ್ಷರದ ಮೇಲೆ ಬೀಳುತ್ತದೆ ಎಂಬ ಅಂಕಿಯನ್ನೂ ಬರೆಯಿರಿ, ತಾಳ ಬಿಟ್ಟುಹೋಗುವುದು ಬೇಡ.